ಅಗಲಿದ ಕಂದನ ಹೆಸರಿನಲ್ಲಿ ದಾಸೋಹ



ಲಿಂಗೈಕ್ಯನಾದ ಮಗನ ನೆನಪಿಗಾಗಿ ಬಡಮಕ್ಕಳಿಗೊಂದು ಧರ್ಮಸಂಸ್ಥೆಯನ್ನು ಸ್ಥಾಪಿಸಬೇಕೆಂದು ನಮ್ಮ ಮೂಡಿಗೆರೆ, ಕಳಸದ ಮಲೆಸೀಮೆಯ ತೋಟದ ಒಡೆಯರು ಸಂಕಲ್ಪಿಸಿದರೆ ಆ ದುಃಖವೂ ಪೂಜ್ಯವಾದುದೇ. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಬಡಮಕ್ಕಳ ವಿದ್ಯೆಗೆ ಬಿಟ್ಟರು. ತಾವು ಕಂಡರಿಯದ ಮನೆಗಳ ಮಕ್ಕಳು ಅದರಿಂದ ಓದಿದರು.

ಆದರೆ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಕಲ್ಯಾಣದಲ್ಲಿ ಉದುರಿದ ಅಕ್ಕಿಯನ್ನಾಯುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ, ಅದು ದಾಸೋಹಕ್ಕೆಂದೇ ತಂದುದಾದರೂ, ಲಕ್ಕಮ್ಮ ತಾಯಿಯು ಒಪ್ಪಲಿಲ್ಲ. ಹಿಂದಿರುಗಿಸಿ ಬರುವಂತೆ ಹೇಳಿದಳು. ಗಂಡನಿಗೇ ಹಾಗೆ ಹೇಳಿದ ಆ ತಾಯಿಯು ನಮ್ಮನ್ನು ಬಿಟ್ಟಾಳೆಯೇ?

ಕಾಫಿ ಹಣ್ಣು ಕೊಯ್ಯುವ ತಾಯಿಯು ತನ್ನ ಕೂಸನ್ನು ಗಿಡದ ನೆರಳಲ್ಲಿ ಮಲಗಿಸಿ ದುಡಿಯುವಳು. ಇಂತಹ ಕೂಸುಗಳ ಪಾಲನೆಗೆ ದೊಡ್ಡ ತೋಟಗಳಲ್ಲಿ ಶಿಶುಗೃಹವಿರಬೇಕೆಂದು 1951ರ ತೋಟಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. ಅದನ್ನು ಕಟ್ಟಿಸಿ ಮಗನ ಹೆಸರಿನ ಫಲಕ ಹಾಕಿದರೆ ಸಾಲ ತೀರಿಸಿದಂತಾಯಿತೇ ಹೊರತು ದಾಸೋಹವಾಗಲಿಲ್ಲ. ಆ ಋಣವನ್ನೂ ಕೊಯ್ಲಿನ ಕೂಲಿಯನ್ನೂ ಪೂರ್ತಿ ಸಲ್ಲಿಸಿ, ಉಳಿದುದರಲ್ಲಿ, ಅದು ಹಲಗೆ ಬಳಪವೇ ಆಗಲಿ, ಮಗನನ್ನು ನೆನೆದು ಕೊಡಿರಿ. ಈ ಸಲ ಕೊಯ್ಲಿಗೆ ಮುನ್ನ ತಾವೇ ಲೈನುಮನೆಗಳಿಗೆ ಹೋಗಿ, ಎಷ್ಟು ಕೂಸುಗಳಿವೆಯೆಂದು ಎಣಿಸಿ ಬನ್ನಿರಿ.