ಕೊನೆಭಾಗದ ಹೊಲ

ಇಂಗ್ಲಿಷಿನಲ್ಲಿ 'ಇನ್‌ಈಕ್ವಿಟಿ' ಎಂದೊಂದು ಶಬ್ದವುಂಟು. ನಿಘಂಟು ಅದನ್ನು ಅನ್ಯಾಯವೆನ್ನುತ್ತದೆ. ಆದರೆ ಅನ್ಯಾಯವೆಂದೊಡನೆ ನಾವು ದುಷ್ಟನೊಬ್ಬನನ್ನು ಹುಡುಕಹೊರಡುತ್ತೇವೆ. ತುಂಗಭದ್ರೆಯ ಕಾಲುವೆಗಳಲ್ಲಿ ಅಂಥವನು ಸಿಕ್ಕುವುದು ಕಷ್ಟ.

1953ರಲ್ಲಿ ಅಣೆಕಟ್ಟು ನಿಂತಾಗ ನೀರನ್ನು ಲೆಕ್ಕಹಾಕಿದ್ದು ಬಹುಪಾಲು ಮಿತನೀರಿನ ಬೆಳೆಗಳಿಗೆ. ಮೇಲ್ಭಾಗದವರು ಬತ್ತ ನಾಟಿದರು. ಕೊನೆಭಾಗದ ಹೊಲ ಬಾಯಾರಿತು. ಮೇಲಿನವನು ನಿಯಮ ಮೀರಿದ್ದು ನಿಜ; ಆದರೆ ನೆರೆಯವನ ಕೇಡು ಬಯಸಿ ಅಲ್ಲ, ತನ್ನ ಸಾಲಕ್ಕೆ ಅಂಜಿ. ದುಷ್ಟನಿಲ್ಲವೆಂದ ಮಾತ್ರಕ್ಕೆ ಕೆಳಗಿನವನ ನಷ್ಟ ಸುಳ್ಳಾದೀತೇ?

ಆ ಶಬ್ದದ ಉಪಯೋಗ ಇಲ್ಲಿದೆ: ಅದು ದೂರುವ ಮೊದಲು ಪಾಲನ್ನು ಅಳೆಯುತ್ತದೆ. ಕುರುಗೋಡು, ಸಿರುಗುಪ್ಪಗಳ ಹಸುರು ಗದ್ದೆಗಳನ್ನು ಕಂಡು ನಾನೂ ಹಿಗ್ಗಿದ್ದೇನೆ. ಬಳ್ಳಾರಿಯಲ್ಲಿ ಕುಳಿತು ಆ ಅನ್ನವನ್ನೇ ಉಂಡಿದ್ದೇನೆ. ಪಾಲು ಅಳೆಯುವಾಗ ನನ್ನ ತಟ್ಟೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.