ಅನಂತನಕಾಡಿನ ಸುಳಿವು

1979ರಲ್ಲಿ ಕಿಟ್ ವಿಲಿಯಮ್ಸ್ ಎಂಬ ಇಂಗ್ಲಿಷ್ ಚಿತ್ರಕಾರ ಚಿನ್ನದ ಮೊಲ ಹೂತಿಟ್ಟು, ಜಾಗದ ಗುಟ್ಟನ್ನು ‘ಮಾಸ್ಕರೇಡ್’ ಪುಸ್ತಕದ ಚಿತ್ರಗಳಲ್ಲಿ ಅಡಗಿಸಿದ. ಅಂಥ ಒಗಟುಗಳನ್ನು ಕುರ್ಚಿ ಬಿಟ್ಟೇಳದೆ ಗೂಗಲ್ ಮ್ಯಾಪಿನಲ್ಲಿ ಬಿಡಿಸುವ ಹುಚ್ಚು ನನಗೂ ಇದೆ. ನಮ್ಮ ಕುಂಬಳೆ ಪಕ್ಕದ ಅನಂತಪುರದ ಕಥೆ ಇನ್ನೂ ಹಳೆಯದು. ಬಿಲ್ವಮಂಗಲ ಸ್ವಾಮಿಗಳು ಸಿಟ್ಟಿನಲ್ಲಿ ನೂಕಿದ ಹುಡುಗ (ದೇವರೇ ಆ ರೂಪದಲ್ಲಿದ್ದನಂತೆ), ಬೇಕಿದ್ದರೆ ಅನಂತನಕಾಡಿಗೆ ಬಾ ಎಂದು ಗುಹೆ ಹೊಕ್ಕು ಮಾಯವಾದನಂತೆ. ಒಂದೇ ಸುಳಿವು! ಸ್ವಾಮಿಗಳು ಹುಡುಕುತ್ತಾ ತಿರುವನಂತಪುರ ಮುಟ್ಟಿದರು.

ಮ್ಯಾಪಿನಲ್ಲಿ ಎರಡೂ ಕ್ಷೇತ್ರಗಳು ಕ್ಷಣದಲ್ಲಿ ಸಿಗುತ್ತವೆ. ಅನಂತಪುರದ ಕೆರೆ ನಡುವಿನ ಗರ್ಭಗುಡಿ, ಅದಕ್ಕೆ ಹಾಸಿದ ಕಾಲುಸಂಕ, ಎಲ್ಲ ಸರಿ. ಮೂಲೆಯ ಗುಹೆಯ ಬಾಯಿ ಮೇಲಿನಿಂದ ಕಾಣದು. ಹೀಗೆ ಮ್ಯಾಪಿನಲ್ಲಿ ನೋಡಿದರೆ ದರ್ಶನವೇ? ಅಲ್ಲವೆಂದೇ ನನ್ನ ವಾದ. ಸ್ವಾಮಿಗಳ ಸಿಟ್ಟು ಕರಗಲು ಅಷ್ಟು ದಾರಿ ಸವೆಯಬೇಕಿತ್ತು. ಹೆಂಡತಿ ಒಪ್ಪುವುದಿಲ್ಲ: “ಮಂಡಿ ಸೋತು ನಡೆಯಲಾಗದ ಅತ್ತೆಯವರು ಮೊಬೈಲಿಗೇ ಕೈಮುಗಿದರೆ ದೇವರು ಬೇಡವೆನ್ನುತ್ತಾನಾ?”