‘ಇಲ್ಲ’ ಎಂದು ಬರೆಯುವ ಮುನ್ನ

ಬೇಸಿಗೆ ರಜೆ ಹತ್ತಿರವಾದಂತೆ ಸಾಹಸ ಶಿಬಿರಗಳ ಅರ್ಜಿಗಳು ಮನೆಗೆ ಬರತೊಡಗುತ್ತವೆ. ಹೊನ್ನೇಮರಡಿನ ಹಿನ್ನೀರು, ದಾಂಡೇಲಿಯ ಕಾಳಿ ನದಿ, ಕಾರವಾರದ ಕಡಲು. ಮಕ್ಕಳ ಕಣ್ಣು ದೋಣಿಯ ಚಿತ್ರದ ಮೇಲಿರುತ್ತದೆ; ಅಪ್ಪ ಅಮ್ಮ ಹಿಂದಿನ ಪುಟ ತುಂಬುತ್ತಾರೆ. ಮಗುವಿಗೆ ಯಾವುದಾದರೂ ಕಾಯಿಲೆ ಇದೆಯೇ ಎಂಬ ಪ್ರಶ್ನೆ ಅಲ್ಲಿರುತ್ತದೆ. ಉಬ್ಬಸವಿದ್ದರೂ, ಹಿಂದೊಮ್ಮೆ ಫಿಟ್ಸ್ ಬಂದಿದ್ದರೂ, ಕೈ ‘ಇಲ್ಲ’ ಎಂದು ಬರೆದುಬಿಡುತ್ತದೆ. ಇದೆ ಎಂದರೆ ಎಲ್ಲಿ ಸೇರಿಸಿಕೊಳ್ಳುವುದಿಲ್ಲವೋ ಎಂಬ ಭಯ. ಹೆತ್ತವರ ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಮಗ ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾನೆ. ಕಷ್ಟವಿದ್ದರೆ ಮುಚ್ಚಿಡಬೇಕು ಎಂಬುದು, ಶಿಬಿರ ಶುರುವಾಗುವ ಮೊದಲೇ ಅವನು ಕಲಿತ ಪಾಠ.

ಬ್ಯಾಗು, ಬೂಟು, ಟಾರ್ಚುಗಳನ್ನು ಒಂದು ಸಂಜೆಯಲ್ಲಿ ಕೊಂಡು ತರಬಹುದು. ಮೈ ಒಗ್ಗುವುದನ್ನು ಕೊಂಡು ತರಲಾಗದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಬೆಳೆದ ಮೈಗೆ ಕರಾವಳಿಯ ಸೆಖೆ ಒಗ್ಗಲು ಒಂದೆರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಒಸರುವುದನ್ನು ಕಲಿಯುತ್ತದೆ, ಅದರ ಉಪ್ಪು ಕಡಿಮೆಯಾಗುತ್ತದೆ. ಶಿಬಿರವೇ ಐದಾರು ದಿನದ್ದಾದರೆ ಮೈ ಕಲಿಯುವ ಮೊದಲೇ ಅದು ಮುಗಿದಿರುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದಾಗ ಬೆವರು ಧಾರಾಳವಾಗಿ ಹರಿಯುತ್ತದೆ, ಆರುವುದಿಲ್ಲ. ಬೆವರು ಆರದೆ ಮೈ ತಣಿಯದು. ಮೈಯ ತಾಪ 40 ಡಿಗ್ರಿ ದಾಟಿ ಶಾಖಾಘಾತವಾದರೆ ಬುದ್ಧಿ ಮಂಕಾಗುತ್ತದೆ. ಹುಡುಗ ತೊದಲುತ್ತಾನೆ, ತಡವರಿಸುತ್ತಾನೆ, ‘ನನಗೇನೂ ಆಗಿಲ್ಲ’ ಎನ್ನುತ್ತಲೇ ಕುಸಿಯಬಹುದು. ತನಗೆ ಏನೋ ಆಗುತ್ತಿದೆ ಎಂದು ತಿಳಿಯಬೇಕಾದ ಬುದ್ಧಿಯೇ ಕೈಕೊಟ್ಟಿರುತ್ತದೆ. ಆಗ ಅವನನ್ನು ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ಆಸ್ಪತ್ರೆಗೆ ಒಯ್ಯಬೇಕಾದವರು ಜೊತೆಯವರು.

‘ಸ್ವಾವಲಂಬನೆ ಕಲಿಯಲಿ ಅಂತ ಕಳಿಸ್ತಿದ್ದೀವಿ’ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರದ್ದು ಇದಕ್ಕೇ. ಇಂಥ ಸೆಖೆಯ ನಾಡಿನಲ್ಲಿ ತನ್ನನ್ನು ತಾನೊಬ್ಬನೇ ಕಾಯ್ದುಕೊಳ್ಳಲು ಆಗುವುದಿಲ್ಲ. ಪಕ್ಕದವರ ಮುಖವನ್ನು ಆಗಾಗ ನೋಡುವ ರೂಢಿ ಬೇಕು. ‘ನನಗೆ ಆಗ್ತಿಲ್ಲ, ಸ್ವಲ್ಪ ನಿಲ್ಲೋಣ’ ಎಂದು ಹತ್ತು ಜನರ ಎದುರು ಹೇಳುವ ಎದೆಗಾರಿಕೆ ಬೇಕು. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಬಂಡೆ ಹತ್ತುವುದಕ್ಕಿಂತ ಈ ಮಾತು ಕಷ್ಟ. ಈಜು ಬಾರದ ಹುಡುಗ ನಾಚಿಕೆಗೆ ‘ಬರುತ್ತೆ’ ಎಂದುಬಿಡುವುದೂ ಆ ಕಷ್ಟದಿಂದಲೇ.

ಹುಡುಗಿಯರ ಪಾಡನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಹಾದಿಯಲ್ಲಿ ಶೌಚಾಲಯವಿದೆಯೋ ಇಲ್ಲವೋ ತಿಳಿಯದಿದ್ದರೆ ಎಷ್ಟೋ ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಾಟಲಿ ತುಂಬಿರುತ್ತದೆ, ಗಂಟಲು ಒಣಗಿರುತ್ತದೆ. ಮುಟ್ಟಿನ ದಿನವಾದರೆ ಯಾರಿಗೂ ಹೇಳದೆ ಹಲ್ಲುಕಚ್ಚಿ ನಡೆಯುತ್ತಾರೆ. ಈ ಸಂಕೋಚಕ್ಕೆ ಅವರನ್ನು ದೂರುವುದು ಅನ್ಯಾಯ. ಎಲ್ಲಿ ನಿಲ್ಲುತ್ತೇವೆ, ಅಲ್ಲಿ ಏನು ವ್ಯವಸ್ಥೆಯಿದೆ, ಯಾವ ಅಕ್ಕನನ್ನು ಕೇಳಬೇಕು ಎಂಬುದನ್ನು ಶಿಬಿರ ನಡೆಸುವವರು ಮೊದಲ ದಿನವೇ, ಹುಡುಗರಿಗೂ ಕೇಳಿಸುವಂತೆ, ಸಹಜವಾಗಿ ಹೇಳಬೇಕು. ಹೇಳಲು ಅವರಿಗೇ ಮುಜುಗರವಾದರೆ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಹೊಣೆ ಹೊರಬಾರದು.

ಮರೆಮಾಚದೆ ಬದುಕುವುದು ಹೇಗೆಂದು ಮಲೆನಾಡಿನವರಿಗೆ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಕಾಲ; ಶಿಬಿರಗಳ ಕಾಲವೂ ಹೆಚ್ಚುಕಡಿಮೆ ಅದೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಜೀವಗಳನ್ನು ಬಲಿ ತೆಗೆದುಕೊಂಡಿತು. ಅಲ್ಲಿಯವರು ಕಾಡಿಗೆ ಹೋಗುವುದು ಸೌದೆಗೆ, ದರಗಿಗೆ, ದನ ಮೇಯಿಸಲಿಕ್ಕೆ. ಉಣುಗು ಹತ್ತದಂತೆ ಮೈಗೆ ಡೆಪಾ ತೈಲ ಹಚ್ಚಿಕೊಂಡು ಹೋಗಿ, ಬಂದೊಡನೆ ಬಿಸಿನೀರಲ್ಲಿ ಮೀಯುವುದು, ಮಂಗ ಸತ್ತಿದ್ದು ಕಂಡರೆ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುವುದು ಅವರಿಗೆ ಬದುಕಿನ ಭಾಗ. ನಮ್ಮ ಮಕ್ಕಳು ಅಲ್ಲಿಗೆ ಅತಿಥಿಗಳಾಗಿ ಹೋಗುತ್ತಾರೆ. ಊರಿನ ಹಿರಿಯರೊಬ್ಬರನ್ನು ಕೂರಿಸಿಕೊಂಡು ‘ಇಲ್ಲಿ ಏನು ನೋಡಿಕೊಂಡು ನಡೀಬೇಕು ಅಜ್ಜಾ’ ಎಂದು ಕೇಳಿದ ಮೇಲೆ ಕಾಡಿಗೆ ಕಾಲಿಟ್ಟರೆ ಒಳ್ಳೆಯದು. ಮನೆಗೆ ಮರಳಿದ ಮೇಲೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದೆವು ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ಹೇಳದಿದ್ದರೆ ನಗರದ ಡಾಕ್ಟರಿಗೆ ಮಂಗನ ಕಾಯಿಲೆಯ ಯೋಚನೆ ಹೊಳೆಯದೆಯೂ ಇರಬಹುದು.

ಮಕ್ಕಳಿಂದ ಇಷ್ಟು ಪ್ರಾಮಾಣಿಕತೆ ಬಯಸುವುದಾದರೆ ಮುಂದೆ ನಡೆಯುವವರಲ್ಲೂ ಅದಿರಬೇಕು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮೋಡ ಕಟ್ಟಿ ಗುಡುಗು ಸಿಡಿಲು ಶುರುವಾಗುವುದು ಮಲೆನಾಡಿನಲ್ಲಿ ಮಾಮೂಲು. ಬಯಲಿನಂತೆ ಹರಡಿದ ಶರಾವತಿ ಹಿನ್ನೀರಿನ ನಡುವೆ ಆಗ ಯಾರೂ ಇರಬಾರದು. ಮಕ್ಕಳೆಲ್ಲ ಲೈಫ್ ಜಾಕೆಟ್ ತೊಟ್ಟು ಸಾಲಾಗಿ ನಿಂತಿರುವಾಗ ‘ಇವತ್ತು ಬೇಡ’ ಎನ್ನುವುದು ಶಿಬಿರದ ನಾಯಕನಿಗೂ ಸುಲಭವಲ್ಲ. ಮುಖಗಳು ಬಾಡುತ್ತವೆ, ನಾಳೆ ಹೆತ್ತವರು ಕೇಳುತ್ತಾರೆ. ಮಗಳು ಮನೆಗೆ ಬಂದು ‘ಒಂದು ದಿನ ದೋಣಿ ಹತ್ತೋಕೇ ಬಿಡಲಿಲ್ಲ’ ಎಂದರೆ ನಾವು ಕಟ್ಟಿದ ಶುಲ್ಕದ ಮಾತೆತ್ತದೆ, ಅಂದು ಆಕಾಶ ಹೇಗಿತ್ತು, ನಿಮ್ಮ ಮೇಷ್ಟ್ರು ಏನಂದರು ಎಂದು ಕೇಳೋಣ.